ಟ್ರೋಲಿಂಗ್ ಮಾಡುವ ನೀರಿನ ಕೆಳಗೊಂದು ಜಲಪಾತ

ಟ್ರೋಲ್ ಅಂದ ಕೂಡಲೇ ನಮ್ಮ ಕಾಲದವರಿಗೆ ನೆನಪಾಗೋದು ಫೇಸ್‌ಬುಕ್ ಪೇಜುಗಳು, ರಾಜಕಾರಣಿಗಳ ಫೋಟೋ ಮೇಲೆ ಬರೆದ ಡೈಲಾಗುಗಳು. ಆದರೆ ಇಂಟರ್ನೆಟ್ ಹುಟ್ಟುವುದಕ್ಕೆ ಬಹಳ ಮೊದಲೇ ಇದು ಮೀನು ಹಿಡಿಯುವವರ ಮಾತು. ದೋಣಿಯನ್ನು ನಿಧಾನವಾಗಿ ಬಿಡುತ್ತಾ, ಹಿಂದೆ ನೀರಿನಲ್ಲಿ ಗಾಳ ಎಳೆದುಕೊಂಡು ಹೋಗೋದು ಟ್ರೋಲಿಂಗ್. ಮಲ್ಪೆ, ಹೊನ್ನಾವರದ ಕಡೆ ಹೇಳುವ ಟ್ರಾಲ್ ಬೋಟ್ ಬೇರೆ. ಅದರಲ್ಲಿ ದೊಡ್ಡ ಬಲೆಯನ್ನೇ ಎಳೀತಾರೆ. ಟ್ರೋಲಿಂಗಿನಲ್ಲಿ ಬಲೆ ಇಲ್ಲ. ಒಂದು ದಾರ, ಒಂದು ಕೊಕ್ಕೆ, ಒಂದು ಹೊಳೆಯುವ ತಗಡು, ಆಮೇಲೆ ಸಿಕ್ಕಾಪಟ್ಟೆ ತಾಳ್ಮೆ.

ಕೆಲಸದ ಮೇಲೆ ಸಿಯಾಟಲ್‌ನಲ್ಲಿ ಒಂದಷ್ಟು ವರ್ಷ ಇದ್ದಾಗ ಈ ವಿದ್ಯೆ ನೋಡಿದೆ. ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಇದೇ ಹುಚ್ಚು. ಸಿಯಾಟಲ್‌ನಿಂದ ಪೂರ್ವಕ್ಕೆ ನಾಲ್ಕು ಗಂಟೆ ಕಾರು ಓಡಿಸಿದರೆ ಲೇಕ್ ರೂಸ್‌ವೆಲ್ಟ್ ಸಿಗುತ್ತೆ. ಸುಮಾರು 240 ಕಿಲೋಮೀಟರ್ ಉದ್ದ, ಕೆನಡಾ ಗಡಿಯ ಹತ್ತಿರದವರೆಗೂ ಹೋಗುವ ನೀರು. ಅಲ್ಲಿ ಅವರು ಹಿಡಿಯುತ್ತಿದ್ದದ್ದು ಎರಡು ಮೀನು: ರೇನ್‌ಬೋ ಟ್ರೌಟ್ ಮತ್ತು ಕೊಕನಿ.

ಟ್ರೌಟ್ ಹಿಡಿಯೋದು ಅಷ್ಟು ಕಷ್ಟವಲ್ಲ. ಚಳಿಗಾಲದಲ್ಲಿ ಅದು ನೀರಿನ ಮೇಲ್ಭಾಗದಲ್ಲೇ ಓಡಾಡುತ್ತೆ. ದೋಣಿಯ ಹಿಂದೆ ಉದ್ದಕ್ಕೆ ದಾರ ಬಿಟ್ಟು, ತುದಿಗೆ ಪುಕ್ಕದಲ್ಲಿ ಕಟ್ಟಿದ ಹುಳದಂಥದ್ದೊಂದು ಇಟ್ಟು ಎಳೀತಾ ಹೋದರೆ ಹಾರಿ ಬಂದು ಕಚ್ಚುತ್ತೆ. ಕೊಕನಿ ಹಾಗಲ್ಲ. ಅದಕ್ಕೆ ತಣ್ಣೀರೇ ಬೇಕು, ಸುಮಾರು 10ರಿಂದ 13 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ ಮೇಲಿನ ನೀರು ಕಾದಂತೆ ಅದು ಆಳಕ್ಕೆ ಇಳಿಯುತ್ತೆ. ಹಾಗಾಗಿ ಡೌನ್‌ರಿಗರ್ ಅನ್ನೋ ಒಂದು ರಾಟೆ ಇರುತ್ತೆ. ಫಿರಂಗಿ ಗುಂಡಿನಂಥ ಭಾರವನ್ನು ತಂತಿಗೆ ಕಟ್ಟಿ ಇಳಿಸಿ, ಗಾಳದ ದಾರವನ್ನು ಅದಕ್ಕೆ ಚಿಮಟದಲ್ಲಿ ಸಿಕ್ಕಿಸಿಟ್ಟಿರುತ್ತಾರೆ. ಮೀನು ಕಚ್ಚಿದ ಕೂಡಲೇ ದಾರ ಬಿಡಿಸಿಕೊಳ್ಳುತ್ತೆ. ಎಷ್ಟು ಅಡಿ ಆಳ ಅನ್ನೋದನ್ನ ರಾಟೆಯ ಮೇಲಿನ ಮೀಟರೇ ಹೇಳುತ್ತೆ.

ತಮಾಷೆ ಏನಂದ್ರೆ, ಕೊಕನಿ ತಿನ್ನೋದು ಕಣ್ಣಿಗೆ ಸರಿಯಾಗಿ ಕಾಣದಂಥ ನೀರುಜೀವಿಗಳನ್ನು. ಕಿವಿರಿನಲ್ಲಿ ಸೋಸಿಕೊಂಡು ತಿನ್ನುವ ಮೀನಿಗೆ ಗಾಳದ ಕೊಕ್ಕೆಯಲ್ಲಿ ಏನಿಟ್ಟರೂ ಅದು ಊಟ ಅಲ್ಲ. ಮತ್ತೆ ಯಾಕೆ ಕಚ್ಚುತ್ತೆ? ಸಿಟ್ಟಿಗೆ ಅಂತಾರೆ ಅಲ್ಲಿನವರು. ಅದಕ್ಕೇ ಗಾಳಕ್ಕಿಂತ ಸ್ವಲ್ಪ ಮುಂದೆ ಡಾಡ್ಜರ್ ಅಂತ ಒಂದು ತಗಡು ಕಟ್ಟುತ್ತಾರೆ. ಗಂಟೆಗೆ ಎರಡು ಕಿಲೋಮೀಟರಿನಷ್ಟು ಆಮೆ ವೇಗದಲ್ಲಿ ದೋಣಿ ಹೋಗುವಾಗ ಅದು ಆ ಕಡೆ ಈ ಕಡೆ ಬಾಲ ಅಲ್ಲಾಡಿಸುತ್ತಾ ಹೊಳೀತದೆ. ಹಿಂದೆ ಗುಲಾಬಿ ಬಣ್ಣದ ಗಾಳ, ಅದರ ತುದಿಗೆ ಡಬ್ಬಿಯಲ್ಲಿ ಬರುವ ಬಿಳಿ ಜೋಳದ ಒಂದು ಕಾಳು. ಹೌದು, ಮೆಕ್ಕೆಜೋಳವೇ! ದೋಣಿಯನ್ನು ನೇರ ಬಿಡಬಾರದು, ಹಾವಿನ ಥರ ತಿರುಗಿಸ್ತಾ ಇರಬೇಕು. ತಿರುವಿನಲ್ಲಿ ಒಳಗಿನ ಗಾಳ ನಿಧಾನವಾಗುತ್ತೆ, ಹೊರಗಿನದು ಜೋರಾಗುತ್ತೆ. ಯಾವುದಕ್ಕೆ ಮೀನು ಬಿತ್ತೋ ಇವತ್ತಿನ ವೇಗ ಅದು ಅಂತ ಲೆಕ್ಕ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಒಂದೇ ಸಲಕ್ಕೆ ಎರಡು ಟೆಸ್ಟ್ ಕೇಸ್ ಓಡಿಸಿದ ಹಾಗೆ. ಬಿದ್ದ ಮೇಲೂ ಜೋರಾಗಿ ಎಳೆಯೋ ಹಾಗಿಲ್ಲ. ಕೊಕನಿಯ ಬಾಯಿ ಹಪ್ಪಳದಷ್ಟು ಮೆದು, ಹರಿದುಕೊಂಡು ಹೋಗಿಬಿಡುತ್ತೆ.

ಇಷ್ಟೆಲ್ಲ ಪಡಿಪಾಟಲು ಪಟ್ಟು ಹಿಡಿದ ಮೀನನ್ನು ಸೀಳಿದರೆ ಒಳಗೆ ಕೇಸರಿ ಬಣ್ಣದ ಮಾಂಸ. ಪುಟ್ಟ ಬೆಳ್ಳಿ ಮೀನಿಗೆ ಈ ಬಣ್ಣ ಹೇಗೆ ಬಂತು ಅಂತ ಕೇಳಿದರೆ ಉತ್ತರ ಸರಳ. ಕೊಕನಿ ಅಂದ್ರೆ ಸಾಲ್ಮನ್. ಸಾಕೈ ಅಂತ ಕರೆಯುವ ಸಮುದ್ರದ ಸಾಲ್ಮನ್ನೂ ಇದೂ ಒಂದೇ ಜಾತಿ, ವಿಜ್ಞಾನಿಗಳ ಲೆಕ್ಕದಲ್ಲಿ ಇಬ್ಬರಿಗೂ ಒಂದೇ ಹೆಸರು. ಸಾಕೈ ಸಿಹಿನೀರಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ, ಬೆಳೆದು, ಮೊಟ್ಟೆ ಇಡೋಕೆ ಹುಟ್ಟಿದ ಹೊಳೆಗೇ ವಾಪಸ್ ಬಂದು ಸಾಯುತ್ತೆ. ಕೊಕನಿ ಸಮುದ್ರಕ್ಕೆ ಹೋಗದೆ ಕೆರೆಯಲ್ಲೇ ಉಳಿದುಕೊಂಡ ದಾಯಾದಿ. ಉಳಿದದ್ದೆಲ್ಲ ಅದೇ: ಮೂರ್ನಾಲ್ಕು ವರ್ಷ ಬದುಕೋದು, ಕೊನೆಗೆ ಮೈ ಕೆಂಪಗಾಗಿ, ಗಂಡಿನ ದವಡೆ ಕೊಕ್ಕೆಯಂತೆ ಬಾಗಿ, ಹೊಳೆ ಹತ್ತಿ, ಮೊಟ್ಟೆ ಇಟ್ಟು ಸಾಯೋದು. ಕೊಕನಿ ಅನ್ನೋ ಹೆಸರೂ ಅಲ್ಲಿನ ಸೇಲಿಷ್ ಭಾಷೆಗಳದ್ದು, ಕೆಂಪು ಮೀನು ಅಂತ ಅರ್ಥ.

ಕೆಲವು ಕೆರೆಗಳಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಈ ಮೀನು ತಾನಾಗಿ ಉಳಿದುಕೊಂಡಿತ್ತು. ಆದರೆ ಲೇಕ್ ರೂಸ್‌ವೆಲ್ಟ್ ಅಂಥ ಕೆರೆ ಅಲ್ಲ. ಅದು ಕೊಲಂಬಿಯಾ ನದಿಯನ್ನು ಅಡ್ಡಗಟ್ಟಿ ನಿಲ್ಲಿಸಿದ ನೀರು. ಅಣೆಕಟ್ಟಿನ ಹೆಸರು ಗ್ರ್ಯಾಂಡ್ ಕೂಲಿ. ನಮ್ಮ ಕೂಲಿಗೂ ಅದಕ್ಕೂ ಸಂಬಂಧ ಇಲ್ಲ, ಕೂಲಿ ಅಂದ್ರೆ ಅಲ್ಲಿ ಒಣ ಕಣಿವೆ. 550 ಅಡಿ ಎತ್ತರ, ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಕಾಂಕ್ರೀಟು. ಇವತ್ತಿಗೂ ಅಮೆರಿಕದಲ್ಲಿ ಅತಿ ಹೆಚ್ಚು ವಿದ್ಯುತ್ ಉತ್ಪಾದನಾ ಸಾಮರ್ಥ್ಯ ಇರುವ ಜಲವಿದ್ಯುತ್ ಕೇಂದ್ರ ಅದೇ.

ಈ ಹಿನ್ನೀರಿನ ಮೇಲ್ತುದಿಯ ಹತ್ತಿರ ಹೆದ್ದಾರಿ ಸೇತುವೆಯೊಂದಿದೆ. ಅದರ ಪಕ್ಕದ ನೀರಿನ ಕೆಳಗೆ ಒಂದು ಜಲಪಾತ ಇದೆ. ಕೆಟಲ್ ಫಾಲ್ಸ್. ಜೋಗದ ಹಾಗೆ ಎತ್ತರದಿಂದ ಬೀಳೋದಲ್ಲ, ಬಂಡೆಗಳ ನಡುವೆ ಹಂತಹಂತವಾಗಿ ಇಡೀ ನದಿಯೇ ಕುದಿಯುತ್ತಾ ಇಳಿಯುತ್ತಿದ್ದ ಜಾಗ. ಸಮುದ್ರದಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ಈಜಿ ಬಂದ ಸಾಲ್ಮನ್‌ಗಳು ಇಲ್ಲಿ ಹಾರಲೇಬೇಕು. ಹಾರುವಾಗಲೇ ಜನ ಹಿಡೀತಿದ್ದರು. ಪುರಾತತ್ತ್ವದವರ ಪ್ರಕಾರ ಇಲ್ಲಿ ಮನುಷ್ಯರು ಸುಮಾರು 9,000 ವರ್ಷಗಳಿಂದ ಮೀನು ಹಿಡಿದಿದ್ದಾರೆ.

ಹಿಡಿಯುವ ಕ್ರಮ ಕೇಳಿದರೆ ಮಲೆನಾಡಿನವರಿಗೆ ಹತ್ತಿರದ್ದು ಅನ್ನಿಸುತ್ತೆ. ಬಂಡೆಗಳಿಗೆ ಮರದ ದಿಮ್ಮಿ ಕಟ್ಟಿ ಅದರಿಂದ ದೊಡ್ಡ ಬುಟ್ಟಿಗಳನ್ನು ಇಳಿಬಿಡೋದು. ಹಾರಿ ಸೋತ ಮೀನು ಹಿಂದಕ್ಕೆ ಬಿದ್ದರೆ ನೇರ ಬುಟ್ಟಿಗೆ. ನಮ್ಮ ಕಡೆ ಮುಂಗಾರಿನ ಮೊದಲ ಮಳೆಗೆ ಹಳ್ಳ ಹತ್ತಿ ಗದ್ದೆಗೆ ಬರುವ ಹತ್ತುಮೀನಿಗೆ ಬಿದಿರಿನ ಕೂಣಿ ಇಡುವುದಿಲ್ವಾ, ಹಾಗೇ. ಆದರೆ ಅಲ್ಲಿ ಒಂದು ಕಟ್ಟುನಿಟ್ಟಿತ್ತು. ಸಾಲ್ಮನ್ ನಾಯಕ ಅಂತ ಒಬ್ಬನಿರುತ್ತಿದ್ದ. ಮೊದಲ ಮೀನಿನ ಪೂಜೆ ಮುಗಿಯುವ ತನಕ ಯಾರೂ ಬುಟ್ಟಿ ಇಳಿಸುವಂತಿಲ್ಲ. ಹಿಡಿದ ಮೀನು ಬುಟ್ಟಿಯವನದ್ದಲ್ಲ, ನಾಯಕ ಅದನ್ನು ಅಲ್ಲಿ ಸೇರಿದ ಎಲ್ಲರಿಗೂ, ದೂರದಿಂದ ಬಂದ ಬೇರೆ ಬುಡಕಟ್ಟಿನವರಿಗೂ, ಹಂಚುತ್ತಿದ್ದ. 1811ರಲ್ಲಿ ನಕಾಶೆ ತಯಾರಿಸುತ್ತಾ ಬಂದ ಡೇವಿಡ್ ಥಾಂಪ್ಸನ್ ಈ ಜಾಗ ನೋಡಿದ್ದ. 1825ರಲ್ಲಿ ಹಡ್ಸನ್ಸ್ ಬೇ ಕಂಪನಿ ಹತ್ತಿರದಲ್ಲೇ ಫೋರ್ಟ್ ಕಾಲ್ವಿಲ್ ಕಟ್ಟಿತು. 1847ರಲ್ಲಿ ಬಂದ ಚಿತ್ರಕಾರ ಪಾಲ್ ಕೇನ್ ಇಲ್ಲಿನ ಮೀನುಗಾರಿಕೆಯನ್ನೂ ಸಾಲ್ಮನ್ ನಾಯಕನನ್ನೂ ಚಿತ್ರಿಸಿದ್ದಾನೆ.

ಎಲ್ಲ ಪಾಪವನ್ನೂ ಅಣೆಕಟ್ಟಿನ ತಲೆಗೆ ಕಟ್ಟೋದು ಸರಿಯಲ್ಲ. 1866ರಲ್ಲೇ ಕೊಲಂಬಿಯಾದ ಕೆಳಭಾಗದಲ್ಲಿ ಸಾಲ್ಮನ್ ಡಬ್ಬಿ ಕಾರ್ಖಾನೆ ಶುರುವಾಗಿತ್ತು. 1880ರ ದಶಕದ ಹೊತ್ತಿಗೆ ನದಿಯ ಬಾಯಲ್ಲೇ ಮೀನು ಬಾಚಿ ಡಬ್ಬಿಗೆ ತುಂಬುತ್ತಿದ್ದರು. ಮೇಲಿನವರಿಗೆ ಉಳಿದದ್ದೇ ಪಾಲು. ಆದರೂ ಮೀನು ಬರೋದು ನಿಂತಿರಲಿಲ್ಲ. ಜೂನ್ ಹಾಗ್ ಅಂತ ಕರೆಯುತ್ತಿದ್ದ ಚಿನೂಕ್ ಸಾಲ್ಮನ್‌ಗಳು ಒಂದೊಂದೂ 35 ಕಿಲೋಗೂ ಹೆಚ್ಚು ತೂಗುತ್ತಿದ್ದವಂತೆ.

1933ರಲ್ಲಿ ಗ್ರ್ಯಾಂಡ್ ಕೂಲಿ ಕೆಲಸ ಶುರುವಾಯ್ತು. ಮಹಾ ಆರ್ಥಿಕ ಕುಸಿತದ ಕಾಲ, ಸಾವಿರಾರು ಜನರಿಗೆ ಕೆಲಸ ಬೇಕಿತ್ತು. ಮೊದಲು ಕಡಿಮೆ ಎತ್ತರದ ಅಣೆಕಟ್ಟು ಅಂತಿದ್ದದ್ದು 1935ರಲ್ಲಿ ಎತ್ತರದ ಅಣೆಕಟ್ಟು ಅಂತಾಯ್ತು. ಇಲ್ಲಿ ಒಂದು ವಿಷಯ ಗಮನಿಸಿ. ಇದೇ ನದಿಯ ಕೆಳಗೆ 1938ರಲ್ಲಿ ಮುಗಿದ ಬಾನ್‌ವಿಲ್ ಅಣೆಕಟ್ಟಿನಲ್ಲಿ ಮೀನು ಹತ್ತೋಕೆ ಮೆಟ್ಟಿಲು ಇತ್ತು, ಈಗಲೂ ಇದೆ. ಗಾಜಿನ ಕಿಟಕಿಯಲ್ಲಿ ನೋಡಬಹುದು. ಅಂದ್ರೆ ತಂತ್ರಜ್ಞಾನ ಗೊತ್ತಿತ್ತು. ಆದರೆ ಬಾನ್‌ವಿಲ್‌ನಲ್ಲಿ ಮೀನು ಹತ್ತಬೇಕಾದ್ದು ಅರವತ್ತು ಅಡಿ ಆಸುಪಾಸು. ಗ್ರ್ಯಾಂಡ್ ಕೂಲಿಯಲ್ಲಿ ಮುನ್ನೂರು ಅಡಿ ದಾಟುತ್ತೆ. ಇಷ್ಟು ಎತ್ತರಕ್ಕೆ ಮೆಟ್ಟಿಲು ಕೆಲಸ ಮಾಡಲ್ಲ ಅಂತ ತೀರ್ಮಾನಿಸಿ ಕೈಬಿಟ್ಟರು. ಅಣೆಕಟ್ಟಿನ ಮೇಲಿದ್ದ ಸಾವಿರದ ಏಳುನೂರು ಕಿಲೋಮೀಟರಿಗೂ ಹೆಚ್ಚು ಹೊಳೆ-ಹಳ್ಳಗಳ ಮೊಟ್ಟೆ ಇಡುವ ಜಾಗ ಒಂದೇ ಏಟಿಗೆ ಮುಚ್ಚಿಹೋಯ್ತು. ನಮ್ಮ ಕೆಲಸದಲ್ಲೂ ನೋಡಿ, ರಿಕ್ವೈರ್‌ಮೆಂಟಿನಲ್ಲಿ ಯಾರ ಹೆಸರಿಲ್ಲವೋ ಅವರಿಗೆ ಸಿಸ್ಟಮಿನಲ್ಲಿ ಬಾಗಿಲಿರಲ್ಲ. ಆಮೇಲೆ ಬಾಗಿಲು ಕೊರೆಯೋದಕ್ಕೆ ಹತ್ತು ಪಟ್ಟು ಖರ್ಚು.

ಮೀನನ್ನು ಪೂರ್ತಿ ಮರೆತರು ಅಂತಲೂ ಅಲ್ಲ. 1939ರಿಂದ 1943ರವರೆಗೆ ಮೇಲಕ್ಕೆ ಹೋಗುತ್ತಿದ್ದ ಸಾಲ್ಮನ್‌ಗಳನ್ನು ಕೆಳಗಿನ ರಾಕ್ ಐಲ್ಯಾಂಡ್ ಅಣೆಕಟ್ಟಿನಲ್ಲೇ ತಡೆದು, ಟ್ಯಾಂಕರ್ ಲಾರಿಗಳಲ್ಲಿ ತುಂಬಿ, ವೆನಾಚಿ, ಮೆಟೌ ಮುಂತಾದ ಕೆಳಗಿನ ಉಪನದಿಗಳಿಗೆ ಸಾಗಿಸಿದರು. ಲೆವನ್‌ವರ್ತ್ ಎಂಬಲ್ಲಿ ದೊಡ್ಡ ಮರಿ ಸಾಕಣೆ ಕೇಂದ್ರ ಕಟ್ಟಿದರು. ಮೀನಿನ ಸಂತತಿ ಉಳಿಯಿತು, ಆದರೆ ಬೇರೆ ಹೊಳೆಯ ವಿಳಾಸಕ್ಕೆ. ಮೇಲಿದ್ದ ಜನರಿಗೆ ಹೀಗೆ ಸಾಗಿಸಿ ಕೊಡೋಕೆ ಯಾವ ಲಾರಿಯೂ ಮೀನು ತರಲಿಲ್ಲ.

1940ರ ಜೂನ್‌ನಲ್ಲಿ ಕಾಲ್ವಿಲ್ ಬುಡಕಟ್ಟುಗಳವರು ಕೆಟಲ್ ಫಾಲ್ಸ್ ಬಳಿ ಮೂರು ದಿನದ ಸಭೆ ಕರೆದರು. ಇತಿಹಾಸದಲ್ಲಿ ಅದಕ್ಕೆ ಕಣ್ಣೀರಿನ ಸಮಾರಂಭ ಅಂತ ಹೆಸರು. ವಾಯವ್ಯ ಅಮೆರಿಕದ ಹಲವು ಬುಡಕಟ್ಟುಗಳಿಂದ ಸಾವಿರಾರು ಜನ ಬಂದಿದ್ದರು. ಮುಳುಗುವ ಜಲಪಾತಕ್ಕೆ ವಿದಾಯ ಹೇಳಿದರು. ಮುಂದಿನ ತಿಂಗಳಲ್ಲೇ ನೀರು ಅದರ ಮೇಲೆ ಬಂತು. ಹಳೇ ಕೆಟಲ್ ಫಾಲ್ಸ್, ಮಾರ್ಕಸ್, ಇಂಚಲಿಯಂ, ಕೆಲ್ಲರ್ ಊರುಗಳು ಜಾಗ ಬಿಟ್ಟು ಮೇಲಕ್ಕೆ ಹೋದವು. ಸಾವಿರಕ್ಕೂ ಹೆಚ್ಚು ಗೋರಿಗಳನ್ನು ಅಗೆದು ಸಾಗಿಸಿದರು, ಆದರೂ ಎಲ್ಲವನ್ನೂ ಸಾಗಿಸಲು ಆಗಲಿಲ್ಲ. ಮುಳುಗಿದ ಭೂಮಿಗೆ ಕಾಲ್ವಿಲ್ ಬುಡಕಟ್ಟುಗಳಿಗೆ ಕೊಟ್ಟದ್ದು 63,000 ಡಾಲರ್, ಸ್ಪೋಕ್ಯಾನ್ ಬುಡಕಟ್ಟಿಗೆ 4,700 ಡಾಲರ್. ಮೀನಿಗೆ ಬೆಲೆ ಕಟ್ಟಿರಲಿಲ್ಲ.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. 1941ರ ಮಾರ್ಚ್‌ನಲ್ಲಿ ಇಲ್ಲಿ ವಿದ್ಯುತ್ ಶುರುವಾಯ್ತು, ವರ್ಷ ಮುಗಿಯುವುದರೊಳಗೆ ಅಮೆರಿಕ ಯುದ್ಧಕ್ಕೆ ಇಳಿಯಿತು. ವಿಮಾನಗಳಿಗೆ ಬೇಕಾದ ಅಲ್ಯೂಮಿನಿಯಂ ಕರಗಿಸಿದ್ದು ಈ ನದಿಯ ಕರೆಂಟಿನಿಂದ, ಹ್ಯಾನ್‌ಫೋರ್ಡಿನ ಪ್ಲುಟೋನಿಯಂ ಕಾರ್ಖಾನೆಗೆ ಹೋದದ್ದೂ ಇದೇ ಕರೆಂಟು. 1950ರ ದಶಕದಿಂದ ಇಲ್ಲಿನ ನೀರನ್ನು ಗುಡ್ಡದ ಮೇಲಕ್ಕೆ ಪಂಪು ಮಾಡಿ ಆರು ಲಕ್ಷ ಎಕರೆಗೂ ಹೆಚ್ಚು ಒಣ ಭೂಮಿಗೆ ಹಾಯಿಸುತ್ತಿದ್ದಾರೆ. ಅಲ್ಲಿ ಬೆಳೆಯುವ ಆಲೂಗಡ್ಡೆಗೆ ಲೆಕ್ಕವಿಲ್ಲ. ಜಾನಪದ ಗಾಯಕ ವುಡಿ ಗತ್ರಿಯನ್ನು ಸರ್ಕಾರವೇ 1941ರಲ್ಲಿ ಒಂದು ತಿಂಗಳ ಸಂಬಳ ಕೊಟ್ಟು ಕರೆಸಿ ಈ ನದಿ, ಅಣೆಕಟ್ಟುಗಳ ಮೇಲೆ ಹಾಡು ಬರೆಸಿತ್ತು. ಅವನು ಬರೆದದ್ದು 26 ಹಾಡು. ಬಡ ರೈತನಿಗೆ ನೀರು, ಕರೆಂಟು ಬರುತ್ತೆ ಅಂತ ನಂಬಿ ಬರೆದ. ಆ ನಂಬಿಕೆ ಸುಳ್ಳಾಗಲಿಲ್ಲ.

ಈ ಎರಡೂ ಮಾತು ಒಟ್ಟಿಗೆ ನಿಜ ಅನ್ನೋದು ನನಗೆ ಯಾರೂ ಕಲಿಸಬೇಕಿಲ್ಲ. ನಾನು ಶರಾವತಿ ಮುಳುಗಡೆಯ ಮನೆಯವನು. ನಮ್ಮ ಕಡೆ ಮುಳುಗಡೆ ಅನ್ನೋದು ಒಂದು ವಿಳಾಸ. 'ನೀವು ಯಾವ ಕಡೆಯವ್ರು?' ಅಂದ್ರೆ, 'ಮುಳುಗಡೆಯೋರು' ಅಂತಾರೆ ಅಷ್ಟೇ. 1964ರಲ್ಲಿ ಲಿಂಗನಮಕ್ಕಿ ಮುಗಿಯುವ ಹೊತ್ತಿಗೆ ನಮ್ಮಜ್ಜ ಗದ್ದೆ, ತೋಟ ಬಿಟ್ಟು, ಕೊಟ್ಟ ಕಾಡಿನ ಜಾಗಕ್ಕೆ ಲಾರಿ ಹತ್ತಿ ಬಂದವರು. ಜೋಗದ ಕರೆಂಟು ರಾಜ್ಯದ ಊರೂರಿಗೆ ಹೋಯ್ತು. ನಾನು ಓದಿದ್ದು ಆ ಕರೆಂಟಿನ ಬೆಳಕಿನಲ್ಲೇ, ಈಗ ದುಡಿಯುತ್ತಿರುವ ಬೆಂಗಳೂರು ಬೆಳೆದದ್ದರಲ್ಲೂ ಅದರ ಪಾಲಿದೆ. ಅಜ್ಜ ಮಾತ್ರ ಹೊಸ ಊರಿನಲ್ಲಿ ಮೊದಲ ಮಳೆ ಬಿದ್ದ ರಾತ್ರಿ 'ಈಗ ಅಲ್ಲಿ ಮೀನು ಹತ್ತತಿತ್ತು ಕಣಾ' ಅನ್ನೋರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ 1948ರ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತಲ್ಲ, ಲೇಕ್ ರೂಸ್‌ವೆಲ್ಟ್‌ನಲ್ಲೂ ಹಾಗೇ. ಹಿಮ ಕರಗಿ ಬರುವ ನೀರಿಗೆ ಜಾಗ ಮಾಡೋಕೆ ವಸಂತದಲ್ಲಿ ಎಂಬತ್ತು ಅಡಿಯವರೆಗೂ ನೀರು ಇಳಿಸಬಹುದು. ಆಗ ಹಳೇ ಊರಿನ ತಳಪಾಯಗಳು, ರಸ್ತೆಗಳು ಕಾಣುತ್ತವೆ.

ಹಾಗಾದರೆ ಇವತ್ತು ದೋಣಿಯವರಿಗೆ ಸಿಗುತ್ತಿರುವ ಮೀನು ಎಲ್ಲಿಂದ ಬಂತು? ಸಾಲ್ಮನ್ ಇಲ್ಲದ ನೀರಿಗೆ ಪರಿಹಾರ ಅಂತ ಕೊಟ್ಟದ್ದು ಇವೇ ಟ್ರೌಟ್ ಮತ್ತು ಕೊಕನಿ. ಸ್ಪೋಕ್ಯಾನ್ ಬುಡಕಟ್ಟಿನವರೂ ರಾಜ್ಯದವರೂ ಮರಿ ಸಾಕಿ ಬಿಡುತ್ತಾರೆ. 1980ರ ದಶಕದಿಂದ ಸ್ಥಳೀಯ ಸ್ವಯಂಸೇವಕರು ಹಿನ್ನೀರಿನಲ್ಲೇ ಬಲೆಯ ಪಂಜರ ಕಟ್ಟಿ, ಚಳಿಗಾಲವಿಡೀ ಟ್ರೌಟ್ ಮರಿಗಳಿಗೆ ಊಟ ಹಾಕಿ ಬೆಳೆಸುತ್ತಿದ್ದಾರೆ. ವಸಂತದಲ್ಲಿ ನೀರು ಇಳಿಸುವಾಗ ಬಿಟ್ಟರೆ ಮರಿಗಳು ಅಣೆಕಟ್ಟಿನಿಂದಾಚೆ ಕೊಚ್ಚಿಹೋಗುತ್ತವೆ, ಹಾಗಾಗಿ ನೀರು ಮತ್ತೆ ಏರುವ ತನಕ ಕಾಯ್ತಾರೆ. ಹಿಡಿದ ಟ್ರೌಟಿನ ಬೆನ್ನ ಮೇಲೆ, ಬಾಲದ ಹತ್ತಿರದ ಪುಟ್ಟ ಈಜುರೆಕ್ಕೆ ಕತ್ತರಿಸಿದ್ದರೆ ಸಾಕಿದ್ದು ಅಂತ ಗುರುತು. ರೆಕ್ಕೆ ಇದ್ದರೆ ಅದು ಅಲ್ಲೇ ಹುಟ್ಟಿದ ಕಾಡು ರೆಡ್‌ಬ್ಯಾಂಡ್ ಟ್ರೌಟ್ ಇರಬಹುದು ಅಂತ ಜೋಪಾನ ಮಾಡ್ತಾರೆ. ಹೊರಗಿನಿಂದ ಬಂದು ಸೇರಿಕೊಂಡ ನಾರ್ದರ್ನ್ ಪೈಕ್ ಅನ್ನೋ ಹಲ್ಲುಮೀನು ಇದನ್ನೆಲ್ಲ ತಿಂದುಹಾಕುತ್ತೆ ಅಂತ ಕಾಲ್ವಿಲ್ ಬುಡಕಟ್ಟಿನವರು ಅದರ ತಲೆಯೊಂದಕ್ಕೆ 10 ಡಾಲರ್ ಬಹುಮಾನವನ್ನೂ ಇಟ್ಟಿದ್ದರು.

ದುಡ್ಡಿನ ಲೆಕ್ಕವೂ ಮುಂದುವರಿಯಿತು. ದಶಕಗಳ ಕೋರ್ಟು ಹೋರಾಟದ ನಂತರ 1994ರಲ್ಲಿ ಕಾಲ್ವಿಲ್ ಬುಡಕಟ್ಟುಗಳಿಗೆ 5.3 ಕೋಟಿ ಡಾಲರ್ ಇಡುಗಂಟು, ಜೊತೆಗೆ ಅಣೆಕಟ್ಟಿನ ವಿದ್ಯುತ್ ಆದಾಯದಿಂದ ಪ್ರತಿವರ್ಷ ಪಾಲು ಅಂತ ಒಪ್ಪಂದವಾಯ್ತು. ಸ್ಪೋಕ್ಯಾನ್‌ನವರಿಗೆ ಅಂಥ ಕಾನೂನು ಬಂದದ್ದು 2019ರ ಡಿಸೆಂಬರಿನಲ್ಲಿ. ಜಲಪಾತ ಮುಳುಗಿ 79 ವರ್ಷ ಆದ ಮೇಲೆ. ವರ್ಷವರ್ಷ ಪಾಲು ಅನ್ನೋ ಮಾತನ್ನು ನಾನು ಎರಡೆರಡು ಸಲ ಓದಿದೆ. ಒಂದು ಸಲ ಪರಿಹಾರ ಕೊಟ್ಟು ಕೈತೊಳೆಯೋದಲ್ಲ, ಕರೆಂಟು ಮಾರುವವರೆಗೂ ಮುಳುಗಿದವರಿಗೆ ಪಾಲು. ನಮ್ಮಲ್ಲಿ ಈ ಯೋಚನೆ ಚರ್ಚೆಗೆ ಬಂದರೆ ಕೇಳೋಕೆ ಸಾವಿರಾರು ಮನೆಗಳಿವೆ.

ಇನ್ನು ಮೀನಿನ ವಿಷಯ. ಕೆನಡಾದ ವ್ಯಾಂಕೂವರ್ ಹತ್ತಿರ ಅಲುವೆಟ್ ಅಂತ ಒಂದು ಜಲಾಶಯ ಇದೆ. 1920ರ ದಶಕದ ಅಣೆಕಟ್ಟಿನಿಂದ ಅಲ್ಲಿನ ಸಾಕೈ ಸಾಲ್ಮನ್ ಸಮುದ್ರ ಕಾಣದೆ ಕೊಕನಿಯಾಗಿ ಉಳಿದಿತ್ತು. 2005ರ ವಸಂತದಲ್ಲಿ ಪ್ರಯೋಗಕ್ಕೆಂದು ಅಣೆಕಟ್ಟಿನ ಮೇಲಿನಿಂದ ನೀರು ಹರಿಸಿದರು. ಕೊಕನಿ ಮರಿಗಳು ಆ ನೀರಿನ ಜೊತೆ ಇಳಿದು ಸಮುದ್ರಕ್ಕೆ ಹೋದವು. 2007ರಲ್ಲಿ ಅವುಗಳಲ್ಲಿ ಕೆಲವು ದೊಡ್ಡ ಸಾಕೈ ಆಗಿ ಅದೇ ಅಣೆಕಟ್ಟಿನ ಬುಡಕ್ಕೆ ವಾಪಸ್ ಬಂದವು. ಎಂಟು ದಶಕ, ಇಪ್ಪತ್ತಕ್ಕೂ ಹೆಚ್ಚು ತಲೆಮಾರು ಸಮುದ್ರದ ಉಪ್ಪು ನೋಡದ ಮೀನಿಗೆ ದಾರಿ ಗೊತ್ತಿತ್ತು.

ಇತ್ತ ಗ್ರ್ಯಾಂಡ್ ಕೂಲಿಯಲ್ಲೂ 2019ರ ಆಗಸ್ಟ್‌ನಲ್ಲಿ ಕಾಲ್ವಿಲ್ ಬುಡಕಟ್ಟಿನವರು ಚಿನೂಕ್ ಸಾಲ್ಮನ್‌ಗಳನ್ನು ಲಾರಿಯಲ್ಲಿ ತಂದು ಹಿನ್ನೀರಿಗೆ ಬಿಟ್ಟರು. ಹಿರಿಯರೂ ಮಕ್ಕಳೂ ಸಾಲಾಗಿ ನಿಂತು ಮೀನನ್ನು ಕೈಯಿಂದ ಕೈಗೆ ದಾಟಿಸಿ ನೀರಿಗೆ ಮುಟ್ಟಿಸಿದರು. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಾಲ್ವಿಲ್, ಸ್ಪೋಕ್ಯಾನ್, ಕರ್ ಡಲೇನ್ ಬುಡಕಟ್ಟುಗಳ ಜೊತೆ ಒಪ್ಪಂದ ಮಾಡಿಕೊಂಡು, ಸಾಲ್ಮನ್ ವಾಪಸ್ ತರುವ ಕೆಲಸಕ್ಕೆ 20 ವರ್ಷದಲ್ಲಿ 20 ಕೋಟಿ ಡಾಲರ್ ಕೊಡಲು ಒಪ್ಪಿತು. ಅಣೆಕಟ್ಟು ಒಡೆಯುವ ಮಾತಿಲ್ಲ. ಕೆಳಗೆ 1955ರ ಚೀಫ್ ಜೋಸೆಫ್ ಅಣೆಕಟ್ಟೂ ಇದೆ, ಅದಕ್ಕೂ ಮೆಟ್ಟಿಲಿಲ್ಲ. ಎರಡನ್ನೂ ಹತ್ತಿಸಿ, ಮತ್ತೆ ಮರಿಗಳನ್ನು ಟರ್ಬೈನಿಗೆ ಸಿಗದಂತೆ ಕೆಳಗೆ ಇಳಿಸುವ ದಾರಿ ಹುಡುಕಬೇಕು. ಎಂಜಿನಿಯರುಗಳಿಗೆ ಕೈತುಂಬ ಕೆಲಸ. ಈ ಸಲ ರಿಕ್ವೈರ್‌ಮೆಂಟ್ ಬರೆಯುವ ಮೇಜಿನಲ್ಲಿ ಬುಡಕಟ್ಟಿನ ಮೀನು ವಿಜ್ಞಾನಿಗಳೂ ಕೂತಿದ್ದಾರೆ ಅನ್ನೋದೇ ದೊಡ್ಡ ವ್ಯತ್ಯಾಸ.

ಸಿಯಾಟಲ್ ಕಡೆ ಇರುವ ಕನ್ನಡದವರು ಯಾರಾದ್ರೂ ಓದುತ್ತಿದ್ದರೆ, ಒಂದು ವಾರಾಂತ್ಯ ಆ ಕಡೆ ಹೋಗಿಬನ್ನಿ. ಮೀನು ಹಿಡಿಯೋದಾದರೆ ಮೊದಲು ಲೈಸೆನ್ಸ್ ತಗೊಳ್ಳಿ, ಜೋಳದ ಡಬ್ಬಿ ಮರೀಬೇಡಿ. ಅಣೆಕಟ್ಟು ನೋಡಿ, ನೋಡಲೇಬೇಕಾದ ಕಟ್ಟಡ ಅದು. ಆಮೇಲೆ ಉತ್ತರಕ್ಕೆ ಕೆಟಲ್ ಫಾಲ್ಸ್ ಸೇತುವೆಯ ತನಕವೂ ಹೋಗಿ. ದಡದ ಮೇಲೆ ಸೇಂಟ್ ಪಾಲ್ಸ್ ಮಿಷನ್ ಅಂತ ಮರದ ಹಳೇ ಚರ್ಚಿದೆ. ಅದರ ಹತ್ತಿರ ಒಂದು ಬಂಡೆ ಇದೆ, ಮೈತುಂಬ ಉದ್ದುದ್ದ ಗೀರು. ಜಲಪಾತದ ಹತ್ತಿರ ಮೀನು ಹಿಡಿಯುವವರು ತಲೆತಲಾಂತರದಿಂದ ಈಟಿ, ಚಾಕು ಮಸೆದ ಕಲ್ಲು ಅದು. ನೀರು ಬರುವ ಮುಂಚೆ ಎತ್ತಿ ತಂದು ಇಟ್ಟಿದ್ದಾರೆ. ಬೆರಳಿಟ್ಟರೆ ಗೀರಿನೊಳಗೆ ಸರಿಯಾಗಿ ಕೂರುತ್ತೆ.